ಬೇಸ್ ಗಿಟಾರ್: ಅಂಗಡಿಯಿಂದ ವೇದಿಕೆಯವರೆಗೆ

ಬೆಂಗಳೂರಿನಲ್ಲಿ ಬೇಸ್, ಅಂದರೆ ಮಂದ್ರ ಸ್ವರಗಳ ಗಿಟಾರ್, ಹಿಡಿದವರಲ್ಲಿ ಬಹಳ ಮಂದಿ ಅದನ್ನೇ ಬಯಸಿ ಬಂದವರಲ್ಲ. ಕಾಲೇಜು ಬ್ಯಾಂಡಿನಲ್ಲೋ ಆಫೀಸಿನ ಗೆಳೆಯರ ಗುಂಪಿನಲ್ಲೋ ಗಿಟಾರ್‌ಗೆ ಆಗಲೇ ಇಬ್ಬರಿರುತ್ತಾರೆ. ‘ಬೇಸ್‌ಗೆ ಯಾರೂ ಇಲ್ಲ, ನೀನೇ ನೋಡ್ಕೊ ಮಗಾ’ ಅಂತ ಮೂರನೆಯವನ ಕೈಗೆ ಬರುತ್ತದೆ. ಹಾಗೆ ಬಂದವರಲ್ಲಿ ಕೆಲವರು ಬೇಗ ಬಿಟ್ಟುಬಿಡುತ್ತಾರೆ. ಉಳಿದವರಿಗೆ ಆಮೇಲೆ ಬೇರೆ ವಾದ್ಯ ರುಚಿಸುವುದಿಲ್ಲ. ನಾನು ಉಳಿದವರ ಪೈಕಿ. ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ, ಸಂಜೆ ಮತ್ತು ವಾರಾಂತ್ಯ ಬೇಸ್‌ಗೆ.

ಹೊಸದಾಗಿ ಹಿಡಿಯುವವರಿಗೆ ಏನು ಕೊಳ್ಳಬೇಕು, ಹೇಗೆ ಅಭ್ಯಾಸ ಮಾಡಬೇಕು, ಮೊದಲ ಕಾರ್ಯಕ್ರಮಕ್ಕೆ ಹೇಗೆ ತಯಾರಾಗಬೇಕು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ. ಇದೆಲ್ಲದರ ಹಿಂದೆ ನನ್ನದು ಒಂದೇ ನಂಬಿಕೆ. ಬೇಸ್‌ನಲ್ಲಿ ಸ್ವರ ಎಲ್ಲಿ ಶುರುವಾಗುತ್ತದೆ ಅನ್ನುವುದಕ್ಕಿಂತ ಎಲ್ಲಿ ನಿಲ್ಲುತ್ತದೆ ಅನ್ನುವುದು ದೊಡ್ಡದು. ಸರಿಯಾದ ಜಾಗದಲ್ಲಿ ನಿಲ್ಲಿಸಿದ ಒಂದು ಸ್ವರ ಇಡೀ ಬ್ಯಾಂಡನ್ನು ಸ್ವಚ್ಛ ಮಾಡುತ್ತದೆ. ನಿಲ್ಲಿಸದೆ ಬಿಟ್ಟ ಸ್ವರ ಮುಂದಿನ ಹೊಡೆತದ ಮೇಲೆ ಬಿದ್ದು ಎಲ್ಲವನ್ನೂ ಕಲಸುತ್ತದೆ.

1. ವಾದ್ಯ ಕೊಳ್ಳುವುದು

ನಾಲ್ಕು ತಂತಿಯದನ್ನೇ ಕೊಳ್ಳಿ. ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ. ಗಿಟಾರಿನ ಮಂದ್ರದ ನಾಲ್ಕು ತಂತಿಗಳೇ, ಒಂದು ಸ್ಥಾಯಿ ಕೆಳಗೆ. ಇ ತಂತಿಯನ್ನು ಎಲ್ಲೂ ಒತ್ತದೆ ಹಾಗೇ ಮೀಟಿದರೆ ಸುಮಾರು 41 ಹರ್ಟ್ಸ್. ಐದು ತಂತಿಯ ಬೇಸ್‌ನ ಬಿ ತಂತಿ 31 ಹರ್ಟ್ಸ್‌ಗೆ ಇಳಿಯುತ್ತದೆ. ಅದನ್ನು ಸ್ಪಷ್ಟವಾಗಿ ಹೊರಡಿಸುವ ಸ್ಪೀಕರ್ ಆರಂಭದಲ್ಲಿ ನಿಮ್ಮ ಹತ್ತಿರ ಇರುವುದಿಲ್ಲ. ನುಡಿಸದೇ ಇರುವಾಗ ಆ ತಂತಿಯನ್ನು ಸುಮ್ಮನಿರಿಸುವುದೂ ಒಂದು ಹೆಚ್ಚುವರಿ ಕೆಲಸ. ಅದನ್ನು ಆಮೇಲೆ ನೋಡಿದರಾಯಿತು.

ಅಂಗಡಿಯಲ್ಲಿ ಎಷ್ಟೇ ಬಣ್ಣ, ಆಕಾರ ಕಂಡರೂ ಬಹುತೇಕ ಬೇಸ್‌ಗಳು ಎರಡು ಮಾದರಿಗಳ ಮಕ್ಕಳು. ಒಂದು ಲಿಯೊ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್. 1957ರಲ್ಲಿ ಅದಕ್ಕೆ ಎರಡು ತುಂಡಾದ ಪಿಕಪ್ (ತಂತಿಯ ಅದುರನ್ನು ಹಿಡಿಯುವ ಅಯಸ್ಕಾಂತದ ಪಟ್ಟಿ) ಬಂತು, ಇಂದಿಗೂ ಅದೇ ವಿನ್ಯಾಸ. ಒಂದು ವಾಲ್ಯೂಮ್, ಒಂದು ಟೋನ್, ನಡುವಿನ ನಾದ ಗಟ್ಟಿ. ಇನ್ನೊಂದು 1960ರ ಜಾಝ್ ಬೇಸ್. ಎರಡು ಪಿಕಪ್, ತಲೆಯ ಕಡೆ ನೆಕ್ (ಬೆರಳೊತ್ತುವ ಉದ್ದನೆಯ ಕತ್ತು) ಇನ್ನೂ ಸಣ್ಣ, ಅಲ್ಲಿ ಅಗಲ 38 ಮಿ.ಮೀ. ಕೈಬೆರಳು ಚಿಕ್ಕದಿದ್ದವರಿಗೆ ಇದು ಹಿತ. ಇವೆರಡರಲ್ಲಿ ನನ್ನ ಮತ ಪ್ರಿಸಿಷನ್ ಕಡೆಗೆ. ತಿರುಗಿಸುವ ಗುಂಡಿ ಕಡಿಮೆ, ಹಾಗಾಗಿ ನಾದ ಬದಲಿಸಬೇಕೆಂದರೆ ಬೆರಳಲ್ಲೇ ಬದಲಿಸಬೇಕಾಗುತ್ತದೆ. ಕಲಿಯುವವನಿಗೆ ಅದು ಒಳ್ಳೆಯದು.

ಅಳತೆಯ ಮಾತು. ಮಾಮೂಲಿ ಬೇಸ್‌ನಲ್ಲಿ ನುಡಿಯುವ ತಂತಿಯ ಉದ್ದ 34 ಇಂಚು. ಶಾರ್ಟ್ ಸ್ಕೇಲ್ ಅಂದರೆ 30 ಇಂಚು. ಐಬನೆಜ್‌ನ ಮೈಕ್ರೊ ಇನ್ನೂ ಚಿಕ್ಕದು, 28.6 ಇಂಚು. ಹೈಸ್ಕೂಲಿನ ಮಕ್ಕಳಿಗೆ, ಮಣಿಕಟ್ಟು ನೋವಿರುವವರಿಗೆ ಚಿಕ್ಕದು ಕೊಡಿಸುವುದರಲ್ಲಿ ಯಾವ ಕೊರತೆಯೂ ಇಲ್ಲ. ಪಾಲ್ ಮೆಕಾರ್ಟ್ನಿಯ ಪಿಟೀಲಿನಾಕಾರದ ಹಾಫ್ನರ್ ಕೂಡ 30 ಇಂಚಿನದೇ.

ಹೊಸದಾದರೆ ಸ್ಕ್ವಯರ್, ಯಮಾಹಾ, ಐಬನೆಜ್, ಕಾರ್ಟ್ ಇವುಗಳ ಆರಂಭಿಕ ಶ್ರೇಣಿ ಸಾಕು. ಹದಿನೈದರಿಂದ ಮೂವತ್ತು ಸಾವಿರದೊಳಗೆ ನಿಭಾಯಿಸುವ ವಾದ್ಯ ಸಿಗುತ್ತದೆ. ಯಮಾಹಾ ಟಿಆರ್‌ಬಿಎಕ್ಸ್ 174ನಲ್ಲಿ ಪ್ರಿಸಿಷನ್ ಬಗೆಯ ಪಿಕಪ್ಪೂ ಜಾಝ್ ಬಗೆಯದ್ದೂ ಒಟ್ಟಿಗೆ ಇವೆ. ಬ್ಯಾಟರಿ ಬೇಕಿಲ್ಲದ ಪ್ಯಾಸಿವ್ ಬೇಸ್ ಅದು. ಆಕ್ಟಿವ್ ಬೇಸ್ ಆದರೆ ಒಳಗೆ 9 ವೋಲ್ಟ್ ಬ್ಯಾಟರಿ ಇರುತ್ತದೆ, ಕೇಬಲ್ ಸಿಕ್ಕಿಸಿದ ಕ್ಷಣದಿಂದ ಅದು ಖರ್ಚಾಗುತ್ತಲೇ ಇರುತ್ತದೆ. ನುಡಿಸಿದ ಮೇಲೆ ಕೇಬಲ್ ಕೀಳುವ ಅಭ್ಯಾಸ ಬೇಕು.

ಸೆಕೆಂಡ್ ಹ್ಯಾಂಡ್‌ಗೆ ಬೆಂಗಳೂರಿನಷ್ಟು ಒಳ್ಳೆಯ ಊರು ಕಡಿಮೆ. ಕೆಲಸ ಬದಲಿಸಿ ಊರು ಬಿಡುವವರು, ಆಸೆಯಿಂದ ಕೊಂಡು ಮೂಲೆಯಲ್ಲಿಟ್ಟವರು ಸದಾ ಇರುತ್ತಾರೆ. ನೋಡಲು ಹೋದಾಗ ಮೊದಲು ಆಂಪ್‌ಗೆ, ಅಂದರೆ ನಾದ ಜೋರು ಮಾಡುವ ಸ್ಪೀಕರ್ ಪೆಟ್ಟಿಗೆಗೆ, ಸಿಕ್ಕಿಸಬೇಡಿ. ಕೂತು, ವಾದ್ಯದ ಮೈಗೆ ಕಿವಿ ಹತ್ತಿರ ಮಾಡಿ, ಪ್ರತಿ ತಂತಿಯಲ್ಲೂ ಪ್ರತಿ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ನುಡಿಸಿ. ಎಲ್ಲೋ ಒಂದು ಸ್ವರ ಥಟ್ಟನೆ ಸತ್ತರೆ, ಒಂದೇ ಫ್ರೆಟ್‌ನಲ್ಲಿ ಮಾತ್ರ ಝಿರ್ ಅಂದರೆ ಆ ಫ್ರೆಟ್ ಸವೆದಿದೆ ಅಥವಾ ಅದರ ಮುಂದಿನದು ಎದ್ದಿದೆ. ಆಮೇಲೆ ಬ್ರಿಡ್ಜ್, ಅಂದರೆ ಮೈಮೇಲೆ ತಂತಿಗಳ ಬುಡ ಕೂರುವ ಕಡೆಯಿಂದ ನೆಕ್ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ. ಸ್ವಲ್ಪ ಬಾಗಿದ್ದರೆ ಸರಿಮಾಡಬಹುದು, ತಿರುಚಿಕೊಂಡಿದ್ದರೆ ಬೇಡ. ಗುಂಡಿ ತಿರುಗಿಸುವಾಗಿನ ಕರಕರ, ಸಡಿಲ ಜಾಕ್ ಇವಕ್ಕೆಲ್ಲ ಹೆದರಬೇಡಿ; ಎಸ್‌.ಪಿ. ರಸ್ತೆಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್, ಕಾಲಿಂಚಿನ ಜಾಕ್, ಸೋಲ್ಡರ್ ತಂತಿ ಎಲ್ಲ ಒಂದೇ ಬೀದಿಯಲ್ಲಿ ಸಿಗುತ್ತವೆ.

2. ತಂತಿ

ದುಂಡು ಸರಿಗೆ ಸುತ್ತಿದ ರೌಂಡ್‌ವೌಂಡ್ ತಂತಿ ಹೊಳೆಯುವ ನಾದದ್ದು, ಒರಟು. ಚಪ್ಪಟೆ ಸರಿಗೆ ಸುತ್ತಿದ ಫ್ಲಾಟ್‌ವೌಂಡ್ ನುಣುಪು, ನಾದ ಮೆತ್ತಗೆ, ಬೇಗ ಅಡಗುತ್ತದೆ. ಬೇಸ್‌ಗಳ ಜೊತೆ ಬರುವುದು ಹೆಚ್ಚಾಗಿ ರೌಂಡ್‌ವೌಂಡ್, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ 45ರಿಂದ 105ರ ದಪ್ಪದ್ದು. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜಾಮರ್ಸನ್ ಫ್ಲಾಟ್‌ವೌಂಡ್ ಹಾಕಿ, ಬ್ರಿಡ್ಜಿನ ಮುಚ್ಚಳದಡಿ ಫೋಮ್ ಇಟ್ಟು, ಬಲಗೈಯ ತೋರುಬೆರಳೊಂದರಲ್ಲೇ ಅಷ್ಟೂ ನುಡಿಸಿದರು. ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಕೂಡ ಫ್ಲಾಟ್‌ವೌಂಡ್‌ನವರು, ಅಷ್ಟು ವೇಗವನ್ನು ಪಿಕ್ ಇಲ್ಲದೆ ಬೆರಳಲ್ಲೇ ತೆಗೆಯುವವರು. 2007ರಲ್ಲಿ ಅರಮನೆ ಮೈದಾನದಲ್ಲಿ ಅವರ ಬ್ಯಾಂಡ್ ನುಡಿಸಿದ್ದನ್ನು ಈ ಊರಿನ ರಾಕ್ ಮಂದಿ ಇನ್ನೂ ಮಾತಾಡುತ್ತಾರೆ. ಹಾಗಾಗಿ ಫ್ಲಾಟ್‌ವೌಂಡ್ ಅಂದರೆ ಹಳೇ ಕಾಲದ ಹಾಡಿಗೆ ಮಾತ್ರ ಅನ್ನುವ ಮಾತನ್ನು ನಂಬಬೇಡಿ.

ಭಾವಗೀತೆ, ಹಳೆಯ ಚಿತ್ರಗೀತೆ ನುಡಿಸುವವರಿಗೆ ಒಂದು ಸುಲಭದ ದಾರಿ ಇದೆ. ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಬೆರಳಗಲ ಕತ್ತರಿಸಿ ಬ್ರಿಡ್ಜಿನ ಪಕ್ಕ ತಂತಿಗಳ ಅಡಿಗೆ ತೂರಿಸಿ. ಸ್ವರ ತಾನಾಗಿ ಚಿಕ್ಕದಾಗುತ್ತದೆ, ಗಾಯಕರ ಅಡಿಗೆ ಜಾಗವಾಗುತ್ತದೆ. ಬೇಡವಾದಾಗ ಎಳೆದು ತೆಗೆದರಾಯಿತು. ನುಡಿಸಿದ ಮೇಲೆ ಪ್ರತಿ ಸಲ ಹತ್ತಿ ಬಟ್ಟೆಯಲ್ಲಿ ತಂತಿ ಒರೆಸಿ.

3. ಸೆಟಪ್ ನೀವೇ ಮಾಡಿ

ಅಂಗಡಿಯಿಂದ ತಂದ ಬೇಸ್ ಒತ್ತಲು ಕಷ್ಟವೆನಿಸಿದರೆ ತಪ್ಪು ನಿಮ್ಮ ಬೆರಳಿನದಲ್ಲ. ತಂತಿ ಎತ್ತರದಲ್ಲಿರುತ್ತದೆ. ಇದನ್ನು ಸರಿಮಾಡಲು ಬೇಕಿರುವುದು ಟ್ಯೂನರ್, ವಾದ್ಯದ ಜೊತೆ ಬಂದ ಅಲನ್ ಕೀಗಳು, ಅರ್ಧ ಮಿ.ಮೀ. ಗುರುತಿರುವ ಸ್ಕೇಲು, ಒಂದು ದಪ್ಪ ವಿಸಿಟಿಂಗ್ ಕಾರ್ಡು. ಕ್ರಮ ತಪ್ಪಿಸಬೇಡಿ: ಶ್ರುತಿ, ನೆಕ್, ಎತ್ತರ, ಕೊನೆಗೆ ಸ್ವರಶುದ್ಧಿ.

ಮೊದಲು ಶ್ರುತಿ ಮಾಡಿ. ಇ ತಂತಿಯನ್ನು ಎಡಗೈಯಲ್ಲಿ ಮೊದಲ ಫ್ರೆಟ್‌ನಲ್ಲೂ ಬಲಗೈಯಲ್ಲಿ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನೇರ ಗೆರೆ. ಏಳನೆಯ ಅಥವಾ ಎಂಟನೆಯ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ 0.3 ಮಿ.ಮೀ. ಆಸುಪಾಸು ಸಂದು ಇರಬೇಕು. ವಿಸಿಟಿಂಗ್ ಕಾರ್ಡ್ ತಾಗಿಯೂ ತಾಗದ ಹಾಗೆ ಜಾರಿದರೆ ಸರಿ. ಸಂದು ಹೆಚ್ಚಿದ್ದರೆ ನೆಕ್ ಒಳಗಿನ ಸರಳು, ಅಂದರೆ ಟ್ರಸ್ ರಾಡ್, ಬಿಗಿ ಮಾಡಬೇಕು, ಸಂದೇ ಇಲ್ಲದಿದ್ದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. ರಾಡ್ ಜೋರು ಮಾಡಿದರೂ ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ, ರಿಪೇರಿ ಬಲ್ಲವರಲ್ಲಿ ಒಯ್ಯಿರಿ.

ನಂತರ ಎತ್ತರ. ಹದಿನೇಳನೆಯ ಫ್ರೆಟ್ ಮೇಲೆ ಇ ತಂತಿ 2.4 ಮಿ.ಮೀ., ಜಿ ತಂತಿ 2 ಮಿ.ಮೀ. ಇದ್ದರೆ ಶುರುವಿಗೆ ಒಳ್ಳೆಯ ಅಳತೆ. ಬ್ರಿಡ್ಜಿನಲ್ಲಿ ಒಂದೊಂದು ತಂತಿಯೂ ಕೂರುವ ಸ್ಯಾಡಲ್‌ಗಳ ಚಿಕ್ಕ ತಿರುಪುಗಳಲ್ಲಿ ಏರಿಸಿ ಇಳಿಸಿ. ಜೋರಾಗಿ ಮೀಟುವವರು ಸ್ವಲ್ಪ ಎತ್ತರವೇ ಇಟ್ಟುಕೊಳ್ಳಿ.

ಕೊನೆಗೆ ಸ್ವರಶುದ್ಧಿ. ಹನ್ನೆರಡನೆಯ ಫ್ರೆಟ್‌ನ ನೇರಕ್ಕೆ ತಂತಿಯನ್ನು ಒತ್ತದೆ ಮುಟ್ಟಿ ಹಾರ್ಮೋನಿಕ್ ಎಂಬ ಗಂಟೆಯಂಥ ಸ್ವರ ತೆಗೆಯಿರಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಟ್ಯೂನರ್‌ನಲ್ಲಿ ಎರಡೂ ಒಂದೇ ಇರಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ (ನೆಕ್‌ನಿಂದ ದೂರಕ್ಕೆ), ಇಳಿದಿದ್ದರೆ ಮುಂದಕ್ಕೆ.

ಈ ಕೆಲಸ ಒಮ್ಮೆ ಮಾಡಿ ಮರೆಯುವಂಥದ್ದಲ್ಲ. ಮರ ಹವೆಯ ತೇವ ಹೀರುತ್ತದೆ, ಬಿಡುತ್ತದೆ. ಫೆಬ್ರವರಿ, ಮಾರ್ಚಿನ ಒಣಹವೆಯಲ್ಲಿ ಸರಿಯಿದ್ದ ನೆಕ್ ಜೂನ್ ಕಳೆದು ಮಳೆ ಕೂತಮೇಲೆ ಸಾಮಾನ್ಯವಾಗಿ ಮುಂದಕ್ಕೆ ಬಾಗಿ ತಂತಿ ಎದ್ದಿರುತ್ತದೆ. ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ, ಆ ಕಾರ್ಡ್ ತೂರಿಸಿ ನೋಡಿ.

4. ಆಂಪ್ ಮತ್ತು ಡಿಐ

ಅಪಾರ್ಟ್‌ಮೆಂಟು, ಪಿಜಿಗಳಲ್ಲಿರುವವರಿಗೆ ಹೆಡ್‌ಫೋನ್ ಆಂಪ್ ಸಾಕು. ಮಂದ್ರದ ನಾದ ಗೋಡೆ ದಾಟಿ ಪಕ್ಕದ ಮನೆಗೆ ಹೋಗುತ್ತದೆ. ಹೆಡ್‌ಫೋನ್‌ನಲ್ಲಿ ಮೂಲ ಹಾಡಿನ ಜೊತೆ ನುಡಿಸುತ್ತ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಮನೆ ಸ್ವಂತದ್ದಾದರೆ 20, 25 ವಾಟ್‌ನ ಚಿಕ್ಕ ಬೇಸ್ ಆಂಪ್. ಗಿಟಾರ್ ಆಂಪ್‌ಗೆ ಬೇಸ್ ಸಿಕ್ಕಿಸಿ ಜೋರು ಮಾಡಬೇಡಿ, ಸ್ಪೀಕರ್ ಹರಿಯುತ್ತದೆ.

ದೊಡ್ಡ ಆಂಪ್‌ಗೆ ಆರಂಭದಲ್ಲೇ ದುಡ್ಡು ಸುರಿಯುವುದು ವ್ಯರ್ಥ. ಜಾಮ್ ಪ್ಯಾಡ್‌ಗಳಲ್ಲಿ, ಅಂದರೆ ಬ್ಯಾಂಡುಗಳಿಗೆ ಬಾಡಿಗೆಗೆ ಸಿಗುವ ಅಭ್ಯಾಸದ ಕೋಣೆಗಳಲ್ಲಿ, ಆಂಪ್ ಇರುತ್ತದೆ, ಪಬ್‌ಗಳಲ್ಲೂ ಹೆಚ್ಚಾಗಿ ಇರುತ್ತದೆ, ಪೆಂಡಾಲ್‌ಗಳಲ್ಲಿ ಇರುವುದೇ ಇಲ್ಲ. ಮೂರೂ ಕಡೆ ನಿಮ್ಮ ಕೈ ಹಿಡಿಯುವುದು ಡಿಐ ಬಾಕ್ಸ್, ಅಂದರೆ ಬೇಸನ್ನು ನೇರವಾಗಿ ಮಿಕ್ಸರ್‌ಗೆ ಜೋಡಿಸುವ ಚಿಕ್ಕ ಪೆಟ್ಟಿಗೆ. ಬೇಸ್‌ನ ದುರ್ಬಲ ಸಂಕೇತವನ್ನು ಅದು ಬ್ಯಾಲೆನ್ಸ್ಡ್ ಮಾಡಿ, ಮೈಕ್ ಕೇಬಲ್‌ನಲ್ಲಿ ಮಿಕ್ಸರ್‌ವರೆಗೂ ಗೊರಗೊರ ಇಲ್ಲದೆ ಒಯ್ಯುತ್ತದೆ. ಪ್ಯಾಸಿವ್ ಬೇಸ್ ಇದ್ದರೆ ಆಕ್ಟಿವ್ ಡಿಐ ಒಳ್ಳೆಯದು. ನನ್ನನ್ನು ಕೇಳಿದರೆ, ಬೇಸ್ ಕೊಂಡ ಮೇಲೆ ಎರಡನೆಯ ದೊಡ್ಡ ಖರ್ಚು ಇದೇ ಆಗಬೇಕು. ಎಫೆಕ್ಟ್ ಪೆಡಲ್‌ಗಳು ಆಮೇಲೆ ಬರಲಿ.

5. ಕೈಗಳು

ಬಲಗೈಯ ಹೆಬ್ಬೆರಳು ಪಿಕಪ್ ಮೇಲೆ ಊರಿರಲಿ. ತೋರುಬೆರಳು, ನಡುಬೆರಳು ಸರದಿಯಲ್ಲಿ ಮೀಟಲಿ. ಮೀಟಿದ ಬೆರಳು ಗಾಳಿಗೆ ಎಗರಬಾರದು, ಮುಂದಿನ ದಪ್ಪ ತಂತಿಯ ಮೇಲೆ ಬಂದು ಕೂರಬೇಕು. ಹಾಗೆ ಕೂತಾಗ ಆ ದಪ್ಪ ತಂತಿ ತಾನಾಗಿ ಮೌನವಾಗುತ್ತದೆ. ಡಿ, ಜಿ ತಂತಿಗಳ ಮೇಲೆ ನುಡಿಸುವಾಗ ಹೆಬ್ಬೆರಳನ್ನು ಇ ತಂತಿಯ ಮೇಲೆ ಇಳಿಸಿ, ಅದೂ ಸುಮ್ಮನಾಗುತ್ತದೆ.

ಎಡಗೈಯಲ್ಲಿ ಕೆಳಗಿನ ಸ್ಥಾನಗಳಲ್ಲಿ, ಅಂದರೆ ಮೊದಲ ಐದು ಫ್ರೆಟ್‌ಗಳಲ್ಲಿ, ನಾಲ್ಕು ಫ್ರೆಟ್‌ಗೆ ನಾಲ್ಕು ಬೆರಳು ಚಾಚಲು ಹೋಗಬೇಡಿ. ತೋರುಬೆರಳು, ನಡುಬೆರಳು, ಕಿರುಬೆರಳು ಇಷ್ಟರಲ್ಲೇ ಮೂರು ಫ್ರೆಟ್. ಉಂಗುರ ಬೆರಳು ಕಿರುಬೆರಳಿಗೆ ಒತ್ತಾಸೆ. ಡಬಲ್ ಬೇಸ್‌ನವರ ಹಳೆಯ ಪದ್ಧತಿ ಇದು. ಮೇಲಕ್ಕೆ ಹೋದಂತೆ ಫ್ರೆಟ್‌ಗಳು ಹತ್ತಿರವಾಗುತ್ತವೆ, ಅಲ್ಲಿ ಬೆರಳಿಗೊಂದು ಫ್ರೆಟ್ ಸಲೀಸು. ಬೆರಳು ಫ್ರೆಟ್‌ನ ಬೆನ್ನಿಗೇ ಇರಲಿ, ಅರ್ಧ ಬಲ ಸಾಕಾಗುತ್ತದೆ. ಮಣಿಕಟ್ಟು ಮಡಚಬಾರದು. ಸ್ಟ್ರ್ಯಾಪ್ ಉದ್ದ ಕೂತಾಗಲೂ ನಿಂತಾಗಲೂ ವಾದ್ಯ ಒಂದೇ ಎತ್ತರದಲ್ಲಿರುವ ಹಾಗೆ ಕಟ್ಟಿ. ಮಂಡಿವರೆಗೆ ಇಳಿಬಿಟ್ಟು ನುಡಿಸುವುದು ಚೆಂದ ಕಾಣಬಹುದು, ಮಣಿಕಟ್ಟಿಗೆ ಅದು ಶಿಕ್ಷೆ. ನೋವು ಬಂದರೆ ಅವತ್ತಿಗೆ ನಿಲ್ಲಿಸಿ.

ಈಗ ಸ್ವರ ನಿಲ್ಲಿಸುವ ಅಭ್ಯಾಸ. ಟಿಕ್ ಟಿಕ್ ಅಂತ ಲಯ ಹಿಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಹೊಡೆತಕ್ಕೆ ಇಡಿ. ಎ ತಂತಿಯ ಮೂರನೆಯ ಫ್ರೆಟ್, ಅಂದರೆ ಸಿ. ಒಂದನೆಯ ಹೊಡೆತಕ್ಕೆ ನುಡಿಸಿ, ಸರಿಯಾಗಿ ಎರಡನೆಯ ಹೊಡೆತಕ್ಕೆ ಎಡಗೈ ಬೆರಳನ್ನು ಎತ್ತದೆ ಒತ್ತಡ ಮಾತ್ರ ಬಿಡಿ. ಬೆರಳು ತಂತಿಯನ್ನು ಮುಟ್ಟಿಕೊಂಡೇ ಇರುವುದರಿಂದ ಸ್ವರ ಥಟ್ಟನೆ ನಿಲ್ಲುತ್ತದೆ. ಮೂರು, ನಾಲ್ಕು ಮೌನ. ಇದು ಸರಾಗವಾದ ಮೇಲೆ ಮೂರನೆಯ ಹೊಡೆತಕ್ಕೆ ನಿಲ್ಲಿಸಿ, ಆಮೇಲೆ ನಾಲ್ಕಕ್ಕೆ, ಆಮೇಲೆ ಒಂದು ಮತ್ತು ಎರಡರ ನಡುವಿನ ಅರೆಗೆ. ಶುರುವಾಗುವ ಕ್ಷಣವನ್ನು ಎಲ್ಲರೂ ಬೇಗ ಹಿಡಿಯುತ್ತಾರೆ. ನಿಲ್ಲುವ ಕ್ಷಣ ತಾಳಕ್ಕೆ ಕೂರಲು ವಾರಗಳೇ ಹಿಡಿಯುತ್ತವೆ. ಅದು ಕೂತ ಮೇಲೆ ಮೆಟ್ರೊನೋಮನ್ನು 30ಕ್ಕೆ ಇಳಿಸಿ, ಆ ಹೊಡೆತಗಳನ್ನು ಎರಡು ಮತ್ತು ನಾಲ್ಕು ಅಂದುಕೊಂಡು ನುಡಿಸಿ. ಒಂದು ಮತ್ತು ಮೂರನ್ನು ಈಗ ನೀವೇ ಹೊರಬೇಕು.

ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ, ಆದರೆ ಫೋನಿನ ಸ್ಪೀಕರ್‌ನಲ್ಲಿ ಅಲ್ಲ. ಅಷ್ಟು ಚಿಕ್ಕ ಸ್ಪೀಕರ್‌ಗೆ ನಿಮ್ಮ ಮಂದ್ರ ಸ್ವರ ಹೊರಡಿಸಲಾಗದು. ಇಯರ್‌ಫೋನ್ ಹಾಕಿ.

6. ನಮ್ಮ ಶ್ರುತಿ, ನಮ್ಮ ರಾಗ

ಆನ್‌ಲೈನ್ ಪಾಠಗಳು ಹೆಚ್ಚಾಗಿ ಹೇಳಿಕೊಡದ ಭಾಗ ಇದು. ಬೆಂಗಳೂರಿನಲ್ಲಿ ಬೇಸ್ ನುಡಿಸುವವರಿಗೆ ಇಂದಲ್ಲ ನಾಳೆ ಭಾವಗೀತೆಯ ಕಾರ್ಯಕ್ರಮಕ್ಕೋ, ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೋ, ಶಾಸ್ತ್ರೀಯ ಕಲಿತವರ ಫ್ಯೂಷನ್ ಬ್ಯಾಂಡಿಗೋ ಕರೆ ಬಂದೇ ಬರುತ್ತದೆ.

ರಾಕ್ ಹಾಡುಗಳು ಇ, ಎ, ಜಿ, ಡಿಗಳಲ್ಲಿ ಇರುತ್ತವೆ. ಫ್ರೆಟ್ ಒತ್ತದೆ ಬಿಟ್ಟ ತಂತಿಗಳು ಕೈಗೆ ಸಿಗುವ ಶ್ರುತಿಗಳು ಅವು. ನಮ್ಮ ಗಾಯಕರು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ‘ಒಂದೂವರೆ ಮನೆ’ ಅಂದರೆ ಸಿ ಶಾರ್ಪ್, ‘ಐದೂವರೆ’ ಅಂದರೆ ಜಿ ಶಾರ್ಪ್. ಗಂಡು ಧ್ವನಿಗೆ ಒಂದೂವರೆ, ಹೆಣ್ಣು ಧ್ವನಿಗೆ ಐದು, ಐದೂವರೆ ಬಹಳ ಸಾಮಾನ್ಯ. ಒಂದೂವರೆಯ ಷಡ್ಜ, ಅಂದರೆ ಸ, ಎ ತಂತಿಯ ನಾಲ್ಕನೆಯ ಫ್ರೆಟ್, ಐದೂವರೆಯದ್ದು ಇ ತಂತಿಯ ನಾಲ್ಕನೆಯ ಫ್ರೆಟ್. ಬಿಟ್ಟ ತಂತಿಯಲ್ಲಿ ಷಡ್ಜವೂ ಇಲ್ಲ, ಪಂಚಮವೂ ಇಲ್ಲ. ಹಾಗಾಗಿ ಯಾವ ಪಾಠ ಕಲಿತರೂ ಬಿಟ್ಟ ತಂತಿ ಬಳಸದೆ ಇನ್ನೊಮ್ಮೆ ಕಲಿಯಿರಿ. ಕೈಯ ಅಚ್ಚು ಒಂದು ಸಲ ಕೂತರೆ ಗಾಯಕರು ಕೊನೇ ಗಳಿಗೆಯಲ್ಲಿ ‘ಗಂಟಲು ಸರಿಯಿಲ್ಲ, ಅರ್ಧ ಮನೆ ಇಳಿಸೋಣ’ ಅಂದರೂ ಒಂದು ಫ್ರೆಟ್ ಸರಿದರಾಯಿತು.

ರಾಗದ ವಿಷಯ ಇನ್ನೂ ಸೂಕ್ಷ್ಮ. ಷಡ್ಜ, ಪಂಚಮ, ಮೇಲಿನ ಷಡ್ಜ, ಇವು ಬೇಸ್‌ನವರ ಬೆರಳಿಗೆ ಅಂಟಿದ ಸ್ವರಗಳು. ಎ ತಂತಿಯ ನಾಲ್ಕನೆಯ ಫ್ರೆಟ್‌ನಲ್ಲಿ ಸ ನುಡಿಸಿದ ಬೆರಳು ಯೋಚನೆಯೇ ಇಲ್ಲದೆ ಅದೇ ಫ್ರೆಟ್‌ನಲ್ಲಿ ಇ ತಂತಿಗೆ ಇಳಿಯುತ್ತದೆ. ಅಲ್ಲಿರುವುದು ಮಂದ್ರ ಪಂಚಮ. ಹಾಡು ಹಿಂದೋಳದಲ್ಲಿದ್ದರೆ ಅಲ್ಲಿಗೆ ಕೆಲಸ ಕೆಟ್ಟಿತು. ಹಿಂದೋಳದಲ್ಲಿ ರಿಷಭ, ಪಂಚಮ ಎರಡೂ ಇಲ್ಲ. ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದ ಅಷ್ಟೇ. ಗಾಯಕರು ಮಧ್ಯಮದ ಮೇಲೆ ನಿಂತಿರುವಾಗ ಅಡಿಯಿಂದ ನೀವು ಪಂಚಮ ಕೊಟ್ಟರೆ ಕೇಳುವವರಿಗೆ ಕಾರಣ ತಿಳಿಯದಿದ್ದರೂ ರಾಗ ಒಡೆದದ್ದು ತಿಳಿಯುತ್ತದೆ. ಇ ತಂತಿಯ ನಾಲ್ಕರ ಬದಲು ಎರಡನೆಯ ಫ್ರೆಟ್‌ಗೆ ಇಳಿಯಿರಿ. ಅದು ಎಫ್ ಶಾರ್ಪ್, ಮಂದ್ರ ಮಧ್ಯಮ. ಹಿಂದೋಳಕ್ಕೆ ಸ–ಮ ಆಧಾರವೇ ಹಿತ. ಶ್ರೀರಂಜನಿಯಲ್ಲೂ ಪಂಚಮವಿಲ್ಲ, ಅಲ್ಲೂ ಹೀಗೇ.

ಮೋಹನದಲ್ಲಿ ಪಂಚಮ ಧಾರಾಳ, ಮಧ್ಯಮ ಮತ್ತು ನಿಷಾದ ಇಲ್ಲ. ಕಲ್ಯಾಣಿಯಲ್ಲಿ ಇರುವುದು ಪ್ರತಿ ಮಧ್ಯಮ, ಶುದ್ಧ ಮಧ್ಯಮಕ್ಕಿಂತ ಅರ್ಧ ಮನೆ ಮೇಲಿನದು. ಒಂದು, ನಾಲ್ಕು, ಐದನೆಯ ಸ್ವರಗಳಿಗೆ ಹೋಗುವ ಪಾಶ್ಚಾತ್ಯ ಅಭ್ಯಾಸದಲ್ಲಿ ನಾಲ್ಕಕ್ಕೆ ಹೋದರೆ ಶುದ್ಧ ಮಧ್ಯಮ ಬೀಳುತ್ತದೆ. ಅದರ ಬದಲು ರಿಷಭಕ್ಕೆ ಹೋಗಿ ನೋಡಿ, ಕಲ್ಯಾಣಿ ತಾನಾಗಿ ಅರಳುತ್ತದೆ. ಚಿತ್ರಗೀತೆಗಳಲ್ಲಿ ಸಂಯೋಜಕರು ಬೇಕೆಂದೇ ರಾಗದ ಹೊರಗಿನ ಬೇಸ್ ಸ್ವರ ಇಟ್ಟಿರುತ್ತಾರೆ, ಅದು ಬೇರೆ ಮಾತು. ಅಲ್ಲಿ ಮೂಲ ಧ್ವನಿಮುದ್ರಿಕೆಯಲ್ಲಿ ಇದ್ದದ್ದನ್ನೇ ನುಡಿಸಬೇಕು. ರಾಜನ್–ನಾಗೇಂದ್ರ, ಇಳಯರಾಜ, ಹಂಸಲೇಖ ಇವರ ಕನ್ನಡ ಹಾಡುಗಳ ಬೇಸ್ ಮಾತ್ರ ಹಿಡಿದು ಒಂದು ಸಲ ಕೇಳಿ. ಗಾಯನ ನಿಂತ ಕಡೆ ಬೇಸ್ ನಡೆಯುತ್ತದೆ, ಗಾಯನ ಓಡುವ ಕಡೆ ಬೇಸ್ ಸುಮ್ಮನಿರುತ್ತದೆ. ಹತ್ತು ಹಾಡು ಹಾಗೆ ಇಳಿಸಿಕೊಂಡರೆ ಒಂದು ಕೋರ್ಸ್ ಮುಗಿಸಿದ ಹಾಗೆ.

ತಾಳಕ್ಕೆ ಕೊನ್ನಕ್ಕೋಲ್‌ಗಿಂತ, ಅಂದರೆ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದಕ್ಕಿಂತ, ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಮಿಶ್ರ ಛಾಪು ಏಳು: ತಕಿಟ ತಕಧಿಮಿ. ಖಂಡ ಛಾಪು ಐದು: ತಕ ತಕಿಟ. ಬಾಯಲ್ಲಿ ಹೇಳುತ್ತ, ಪ್ರತಿ ‘ತ’ಗೆ ಮಾತ್ರ ಸ್ವರ ಕೊಡಿ. ಬಾಯಿ ಮತ್ತು ಬೆರಳು ಒಂದಾದ ಮೇಲೆ ನಡುವೆ ತುಂಬಿ. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್, ಸ್ವರಾತ್ಮದಂಥ ಬೆಂಗಳೂರಿನ ಬ್ಯಾಂಡುಗಳನ್ನು ವೇದಿಕೆಯ ಹತ್ತಿರ ನಿಂತು ಕೇಳಿ. ಸ್ವರಾತ್ಮದ ಜಿಷ್ಣು ದಾಸಗುಪ್ತ ಅವರ ಬೇಸ್ ಜನಪದ ಲಯದ ಅಡಿಯಲ್ಲಿ ಹೇಗೆ ಕೂರುತ್ತದೆ ಎಂದು ಗಮನಿಸಿ.

ಡ್ರಮ್ಸ್ ಜೊತೆಗಾದರೆ ಕಿಕ್ (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್) ಹಿಡಿದು ನುಡಿಸಬೇಕೆಂದು ಎಲ್ಲರೂ ಹೇಳುತ್ತಾರೆ. ತಬಲ, ಢೋಲಕ್ ಜೊತೆಗೆ ಹಾಗಲ್ಲ. ತಬಲದ ಎಡಭಾಗವಾದ ಡಗ್ಗಾದ ಗುಂಕಿ, ಅಂದರೆ ಅಂಗೈ ಒತ್ತಿ ಜಾರಿಸುವ ಮಂದ್ರ ನಾದ, ಅದರ ಜಾಗವೂ ನಿಮ್ಮ ಜಾಗವೂ ಒಂದೇ. ಅದು ಜಾರಿ ಏರುವಾಗ ನಿಮ್ಮ ಸ್ವರ ಉದ್ದಕ್ಕೆ ನಿಂತಿದ್ದರೆ ಎರಡೂ ಮಸುಕಾಗುತ್ತವೆ. ಒಂದನೆಯ ಹೊಡೆತಕ್ಕೆ ಗಿಡ್ಡ ಸ್ವರ ಕೊಟ್ಟು ಬಿಟ್ಟುಕೊಡಿ, ಡಗ್ಗಾ ಮಾತಾಡಲಿ.

7. ಜಾಮ್ ಪ್ಯಾಡ್

ಗಂಟೆ ಲೆಕ್ಕದ ಬಾಡಿಗೆ, ಆದ್ದರಿಂದ ಹಾಡು ಕಲಿಯಲು ಅಲ್ಲಿಗೆ ಹೋಗಬೇಡಿ, ಕಲಿತು ಹೋಗಿ. ಮನೆಯಲ್ಲಿ ಚೆಂದ ಕೇಳಿಸಿದ ನಾದ, ಅಂದರೆ ಬೇಸ್ ಮತ್ತು ಟ್ರೆಬಲ್ ಏರಿಸಿ ನಡುವನ್ನು ಇಳಿಸಿದ್ದು, ಬ್ಯಾಂಡಿನಲ್ಲಿ ಮಾಯವಾಗುತ್ತದೆ. ಕೆಳಭಾಗವನ್ನು ಕಿಕ್ ತಿನ್ನುತ್ತದೆ, ಮೇಲನ್ನು ಸಿಂಬಲ್ಸ್. ನಿಮ್ಮದು ಅಂತ ಉಳಿಯುವುದು 250ರಿಂದ 800 ಹರ್ಟ್ಸ್‌ನ ನಡುಭಾಗ. ಅದನ್ನು ಏರಿಸಿ. ಆಂಪ್ ನೆಲದ ಮೇಲಿದ್ದರೆ ಅದು ಮಂಡಿಗೆ ಕೇಳಿಸುತ್ತದೆ, ನಿಮಗಲ್ಲ. ಕುರ್ಚಿಯ ಮೇಲಿಡಿ ಅಥವಾ ಓರೆ ಮಾಡಿ ಕಿವಿಯ ಕಡೆ ತಿರುಗಿಸಿ.

ಇಯರ್‌ಪ್ಲಗ್ ಬೇಕೇಬೇಕು. 85 ಡೆಸಿಬೆಲ್ ದಾಟಿದ ಶಬ್ದದಲ್ಲಿ ದಿನವೂ ಗಂಟೆಗಟ್ಟಲೆ ಇದ್ದರೆ ಕಿವಿಗೆ ಹಾನಿ, ಜಾಮ್ ಪ್ಯಾಡಿನ ಸಿಂಬಲ್ಸ್ ಅದನ್ನು ಸುಲಭವಾಗಿ ದಾಟುತ್ತವೆ.

8. ಕಾರ್ಯಕ್ರಮದ ದಿನ

ಒಪ್ಪಿಕೊಳ್ಳುವಾಗಲೇ ನಾಲ್ಕು ಪ್ರಶ್ನೆ ಕೇಳಿ: ಎಷ್ಟು ಹೊತ್ತು ನುಡಿಸಬೇಕು, ಬೇಸ್ ಆಂಪ್ ಇದೆಯೇ, ಸೌಂಡ್ ಚೆಕ್ ಎಷ್ಟು ಗಂಟೆಗೆ, ದುಡ್ಡು ಎಷ್ಟು ಮತ್ತು ಯಾವಾಗ. ಕೊನೆಯದನ್ನು ಸಂಕೋಚದಿಂದ ಬಿಡಬೇಡಿ, ವಾಟ್ಸ್ಆ್ಯಪ್‌ನಲ್ಲಿ ಬರೆದು ಹಾಕಿಸಿಕೊಳ್ಳಿ. ಬಯಲಿನಲ್ಲಿ ಸಾಮಾನ್ಯವಾಗಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮ ಅದು. ಕಾರ್ಯಕ್ರಮ ತಡವಾಗಿ ಶುರುವಾದರೆ ಕತ್ತರಿ ಬೀಳುವುದು ನಿಮ್ಮ ಪಟ್ಟಿಗೆ. ಆದ್ದರಿಂದ ಬಿಡಬಹುದಾದ ಹಾಡುಗಳಿಗೆ ಮೊದಲೇ ಗುರುತು ಹಾಕಿಟ್ಟಿರಿ.

ಚೀಲದಲ್ಲಿ ಇರಬೇಕಾದದ್ದು: ಎರಡು ಕೇಬಲ್, ಡಿಐ, ಟ್ಯೂನರ್, 9 ವೋಲ್ಟ್ ಬ್ಯಾಟರಿ, ಒಂದು ಸೆಟ್ ತಂತಿ, ಅಲನ್ ಕೀ, ಸ್ಪೈಕ್ ಬಸ್ಟರ್, ಟೆಸ್ಟರ್, ಬಟ್ಟೆ ಟೇಪು, ಚಿಕ್ಕ ಟಾರ್ಚು, ಹಾಡುಗಳ ಪಟ್ಟಿ ದೊಡ್ಡಕ್ಷರದಲ್ಲಿ. ಮೇ ತಿಂಗಳ ಸಂಜೆಯಾದರೆ ಚೀಲಕ್ಕೆ ಮಳೆ ಹೊದಿಕೆ. ಬೈಕಿನಲ್ಲಿ ಬೆನ್ನಿಗೆ ಹಾಕಿಕೊಂಡರೆ ವಾದ್ಯದ ತಲೆ ಹೆಲ್ಮೆಟ್‌ಗಿಂತ ಮೇಲಿರುತ್ತದೆ, ಮರದ ಕೊಂಬೆ, ಬೇಸ್‌ಮೆಂಟ್ ಪಾರ್ಕಿಂಗ್‌ನ ತೊಲೆ ನೋಡಿಕೊಳ್ಳಿ. ಆಟೋದಲ್ಲಿ ಓರೆಯಾಗಿ ಸಲೀಸಾಗಿ ಕೂರುತ್ತದೆ. ಸಿಲ್ಕ್ ಬೋರ್ಡ್ ಅಥವಾ ಹೊರವರ್ತುಲ ರಸ್ತೆ ದಾಟಬೇಕಿದ್ದರೆ ಮ್ಯಾಪ್ ತೋರಿಸಿದ ಸಮಯದ ಮೇಲೆ ಒಂದು ಗಂಟೆ ಸೇರಿಸಿ ಹೊರಡಿ.

ಪೆಂಡಾಲ್‌ನಲ್ಲಿ ಮೊದಲ ಕೆಲಸ ಕರೆಂಟ್ ನೋಡುವುದು, ಶ್ರುತಿ ಆಮೇಲೆ. ಜನರೇಟರ್‌ನಿಂದ ಎಳೆದ ತಂತಿಗೆ ಅರ್ಥ್ ಇಲ್ಲದಿರುವುದು ಉಂಟು. ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಮುರಿದು ಸಿಕ್ಕಿಸಿರುವುದೂ ಉಂಟು. ಬೇಸ್‌ನ ತಂತಿ ಹಿಡಿದಿರುವಾಗ ಮೈಕ್ ಮುಟ್ಟಿ ಸಣ್ಣಗೆ ಜುಮ್ ಅಂದರೂ ಕೇಬಲ್ ಕಿತ್ತುಬಿಡಿ. ಸರಿಮಾಡುವವರೆಗೆ ನುಡಿಸಬೇಡಿ, ಯಾರು ಎಷ್ಟೇ ಅವಸರ ಮಾಡಲಿ. ಮೈಕ್‌ಗೆ ತುಟಿ ತಾಗಿಸುವ ಗಾಯಕರಿಗೂ ಹೇಳಿ. ಇದರಲ್ಲಿ ಜೀವ ಹೋಗುತ್ತದೆ.

ಬರೀ ಗೊರಗೊರ ಸದ್ದಾದರೆ ಡಿಐಯ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ ನೋಡಿ. ಜಾಝ್ ಬೇಸ್ ಆದರೆ ಎರಡೂ ವಾಲ್ಯೂಮ್ ಪೂರ್ತಿ ಏರಿಸಿ, ಎರಡು ಪಿಕಪ್‌ಗಳ ಗೊರಗೊರ ಒಂದನ್ನೊಂದು ಕಳೆಯುತ್ತವೆ.

ಸೌಂಡ್ ಚೆಕ್‌ನಲ್ಲಿ ಸೌಂಡ್‌ನವರು ‘ಸರ್, ಬೇಸ್ ಒಂದ್ ಸ್ವಲ್ಪ ಕೊಡಿ’ ಅಂದಾಗ ಕೈಚಳಕ ತೋರಿಸಬೇಡಿ. ಅವತ್ತು ಅತಿ ಜೋರಾಗಿ ನುಡಿಸುವ ಹಾಡಿನ ನಾಲ್ಕು ಆವರ್ತ, ಅದೇ ಜೋರಿನಲ್ಲಿ. ಆಮೇಲೆ ಅತಿ ಮೆಲ್ಲಗಿನದು. ನಾಲ್ಕೂ ತಂತಿ ಮುಟ್ಟಿ. ಸೌಂಡ್‌ನವರಿಗೆ ಹೆಸರು ಹಿಡಿದು ‘ಅಣ್ಣಾ, ಕಿಕ್ ಜೊತೆ ಕೇಳಿಸಿ ನೋಡೋಣ’ ಅಂತ ಕೇಳಿ. ಬೇಸ್ ಒಂಟಿಯಾಗಿ ಸರಿ ಕೇಳಿಸುವುದು ಮುಖ್ಯವಲ್ಲ, ಕಿಕ್ ಜೊತೆ ಬಿಡಿಬಿಡಿಯಾಗಿ ಕೇಳಿಸಬೇಕು.

ಆಮೇಲೆ ಜಾಗದ ಗುಣ ನೋಡಿ. ಛತ್ರ, ಕಲ್ಯಾಣ ಮಂಟಪದ ಸಿಮೆಂಟ್ ಗೋಡೆಗಳಲ್ಲಿ ಮಂದ್ರ ಗುಂಯ್‌ಗುಡುತ್ತದೆ. ಅಲ್ಲಿ 100 ಹರ್ಟ್ಸ್ ಆಸುಪಾಸು ಇಳಿಸಲು ಹೇಳಿ, ನಿಮ್ಮ ಸ್ವರಗಳನ್ನೂ ಗಿಡ್ಡ ಮಾಡಿ. ಉಳಿದ ಉದ್ದವನ್ನು ಗೋಡೆ ತುಂಬುತ್ತದೆ. ಬಯಲಿನಲ್ಲಿ ಇದಕ್ಕೆ ತದ್ವಿರುದ್ಧ. ಮಾರ್ದನಿಯೇ ಇಲ್ಲ, ಗಿಡ್ಡ ಸ್ವರ ಗಾಳಿಗೆ ಹೋಗುತ್ತದೆ, ಪೂರ್ತಿ ಎಳೆದು ನುಡಿಸಿ. ಮನೆಯಲ್ಲಿ ಮೆಟ್ರೊನೋಮ್ ಹಾಕಿ ಮಾಡಿದ ಅಭ್ಯಾಸ ನೇರವಾಗಿ ಕೈಗೆ ಬರುವುದು ಇಲ್ಲಿ.

ನುಡಿಸುವಾಗ ಕಣ್ಣು ಡ್ರಮ್ಮರ್ ಅಥವಾ ತಬಲದವರ ಕೈಮೇಲಿರಲಿ, ನಿಮ್ಮ ಫ್ರೆಟ್‌ಗಳ ಮೇಲಲ್ಲ. ದಾರಿ ತಪ್ಪಿದರೆ ಊಹಿಸಿ ನುಡಿಸಬೇಡಿ. ಷಡ್ಜಕ್ಕೆ ಬನ್ನಿ, ಇಲ್ಲವೇ ಒಂದು ಆವರ್ತ ಬಿಟ್ಟುಕೊಡಿ. ಗಾಯಕರು ಉತ್ಸಾಹದಲ್ಲಿ ಪಲ್ಲವಿಗೆ ಇನ್ನೊಮ್ಮೆ ಹೋಗುವುದು, ಚರಣ ಹಾರಿಸುವುದು ಆರ್ಕೆಸ್ಟ್ರಾದಲ್ಲಿ ನಿತ್ಯದ ಮಾತು. ಆಗ ಎಲ್ಲರಿಗೂ ದಾರಿ ತೋರಿಸುವವರು ನೀವೇ: ನೀವು ಷಡ್ಜಕ್ಕೆ ಖಚಿತವಾಗಿ ಇಳಿದರೆ ಕೀಬೋರ್ಡ್‌ನವರು, ಗಿಟಾರ್‌ನವರು ಅಲ್ಲಿಗೇ ಬರುತ್ತಾರೆ.

ಮುಗಿದ ಮೇಲೆ ತಂತಿ ಒರೆಸಿ, ಕೇಬಲ್‌ಗಳನ್ನು ಮೊಣಕೈಗೆ ಸುತ್ತದೆ ಅದರದೇ ಸುರುಳಿಯ ದಿಕ್ಕಿನಲ್ಲಿ ಸುತ್ತಿ, ಡಿಐ ವಾಪಸ್ ಬಂತೇ ನೋಡಿ. ಮಿಕ್ಸರ್‌ನಲ್ಲಿ ರೆಕಾರ್ಡ್ ಆಗಿದ್ದರೆ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಮಾರನೆಯ ದಿನ ಇಯರ್‌ಫೋನ್‌ನಲ್ಲಿ ಕೇಳುತ್ತ, ಹಾಡುಗಳ ಪಟ್ಟಿಯ ಪಕ್ಕದಲ್ಲಿ ಎರಡೇ ವಿಷಯ ಬರೆಯಿರಿ: ಎಲ್ಲಿ ಕಿಕ್‌ಗಿಂತ ಮುಂದೆ ಓಡಿದಿರಿ, ಎಲ್ಲಿ ಸ್ವರ ಬಿಡಲು ತಡಮಾಡಿದಿರಿ. ಮುಂದಿನ ಅಭ್ಯಾಸವನ್ನು ಆ ಎರಡರಿಂದಲೇ ಶುರುಮಾಡಿ.